ಬಂದವರು ಊರೊಳಗೆ, ಇದ್ದವರು ಊರಾಚೆ

ಹಗರೆ ಅಂದರೆ ಬಹಳ ಜನಕ್ಕೆ ಬಸ್ಸು ನಿಲ್ಲುವ ಒಂದು ಜಾಗ, ಅಷ್ಟೆ. ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಳೇಬೀಡಿನ ದಾರಿ ಒಡೆಯುವುದು ಇಲ್ಲೇ. ದೇವಸ್ಥಾನ ನೋಡಲು ಬರುವ ಕಾರು, ಬಸ್ಸುಗಳೆಲ್ಲ ನಮ್ಮ ಮುಂದೆಯೇ ಹಾದುಹೋಗುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಕಲೆ, ಪರಂಪರೆ, ಸ್ಮಾರಕ ಅನ್ನುವ ಮಾತು ಈ ರಸ್ತೆಯ ಧೂಳಿನಷ್ಟೇ ಹೆಚ್ಚಾಗಿದೆ. ಒಳ್ಳೆಯದೇ ಆಯಿತು. ಈ ಹೊತ್ತಿನಲ್ಲಿ ನಾವೂ ಒಂದು ಪ್ರಶ್ನೆ ಕೇಳೋಣ. ಕಲೆ ಮಾಡಿದವರ ಮನೆ ಎಲ್ಲಿದೆ?

ಇದು ಕುಚೋದ್ಯದ ಪ್ರಶ್ನೆಯಲ್ಲ. ದೊಡ್ಡ ಕಲಾವಿದರು, ಸಂಗೀತಗಾರರು ಬದುಕಿದ್ದ ಮನೆಗಳನ್ನು ಕಾಪಾಡಬೇಕು ಅಂತ ಈಗ ಎಲ್ಲ ಕಡೆ ಹೇಳ್ತಾರೆ. ಅದರಲ್ಲೂ ಬೇರೆ ನಾಡಿನಿಂದ ವಲಸೆ ಬಂದು, ಬಂದ ನಾಡಿಗೆ ಕಲೆ ಕೊಟ್ಟವರ ಮನೆಗಳಿಗೆ ವಿಶೇಷ ಗೌರವ. ಮನೆಯ ಮೇಲೆ ಫಲಕ ಹಾಕ್ತಾರೆ, ಒಳಗೆ ವೀಣೆ, ಕುಂಚ, ಕನ್ನಡಕ ಇಡ್ತಾರೆ. ಇದನ್ನು ನಾವು ಬೇಡ ಅನ್ನುವುದಿಲ್ಲ. ಆದರೆ ಮನೆ ಸ್ಮಾರಕ ಆಗಬೇಕಾದರೆ ಮೊದಲು ಮನೆ ಅಂತ ಒಂದು ಇರಬೇಕು. ಅದಕ್ಕೆ ಗೋಡೆ ಇರಬೇಕು, ಗೋಡೆ ನಿಲ್ಲಲು ನೆಲ ಇರಬೇಕು, ನೆಲಕ್ಕೆ ಕಾಗದ ಇರಬೇಕು. ಈ ದೇಶದಲ್ಲಿ ಅದನ್ನೆಲ್ಲ ಹಂಚಿದ್ದು ಕಲೆಯಲ್ಲ, ಜಾತಿ. ಯಾರ ಮನೆ ಉಳಿಯಿತು, ಯಾರದು ಉಳಿಯಲಿಲ್ಲ ಅಂತ ನೋಡಿದರೆ ಯಾರನ್ನು ಊರು ತನ್ನವರೆಂದು ಎಣಿಸಿತು ಅನ್ನುವುದು ತಾನಾಗಿ ಕಾಣುತ್ತದೆ.

ಬೇಲೂರಿನಿಂದಲೇ ಶುರು ಮಾಡೋಣ. ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆ ಆದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅಲ್ಲಿನ ಮದನಿಕೆಗಳನ್ನು ನೋಡಿ ಬಾಯಿ ಬಿಡುವವರಲ್ಲಿ ಎಷ್ಟು ಜನ ಅವುಗಳ ಕೆಳಗಿನ ಅಕ್ಷರ ಓದುತ್ತಾರೆ? ಕೆತ್ತಿದವರು ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ದಾಸೋಜ, ಅವನ ಮಗ ಚಾವಣ, ಇವರು ಬಳ್ಳಿಗಾವೆಯವರು. ಅಂದರೆ ಇವತ್ತಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನವರು. ಗದಗಿನಿಂದ ಬಂದ ನಾಗೋಜನ ಹೆಸರೂ ಇದೆ. ಇವರು ಈ ಊರವರಲ್ಲ. ಕೆಲಸ ಹುಡುಕಿಕೊಂಡು ಉಳಿ, ಸುತ್ತಿಗೆ ಹೊತ್ತು ಬಂದ ವಲಸೆಗಾರರು. ಹೆಸರಿನ ಜೊತೆ ತಮ್ಮ ಊರನ್ನೂ ಕಲ್ಲಿನಲ್ಲಿ ಬರೆದುಕೊಂಡರು. ನಾನು ಇಂಥವನು, ಇಂಥ ಊರಿಂದ ಬಂದವನು, ಇದು ನನ್ನ ಕೈಕೆಲಸ ಅಂತ ದೇವರ ಗೋಡೆಯ ಮೇಲೇ ದಾಖಲೆ ಮಾಡಿದರು. ರಾಜನ ಶಾಸನ ರಾಜನನ್ನು ಹೊಗಳಿತು. ಕೆಲಸಗಾರ ತನ್ನನ್ನು ತಾನೇ ಬರೆದುಕೊಳ್ಳಬೇಕಾಯಿತು.

ಅವರು ವರ್ಷಗಟ್ಟಲೆ ಇಲ್ಲೇ ಇದ್ದಿರಬೇಕು. ಉಂಡಿದ್ದಾರೆ, ಮಲಗಿದ್ದಾರೆ, ಮಕ್ಕಳಿಗೆ ಕೆಲಸ ಕಲಿಸಿದ್ದಾರೆ. ಆ ಮನೆಗಳ ಒಂದು ಗೋಡೆಯೂ ನಮಗೆ ತೋರಿಸಲು ಇಲ್ಲ. ದೇವರಿಗೆ ಕಲ್ಲಿನ ಮನೆ ಕಟ್ಟಿದವರು ತಾವು ಇದ್ದುದು ಕಲ್ಲಿನ ಮನೆಯಲ್ಲಿ ಅಲ್ಲ. ಮಣ್ಣು ಮಣ್ಣಿಗೆ ಹೋಯಿತು, ಹೆಸರು ಮಾತ್ರ ಉಳಿಯಿತು. ಇನ್ನು ಆ ಬಳಪದ ಕಲ್ಲನ್ನು ನೆಲದಿಂದ ಕಿತ್ತವರು ಯಾರು? ಗಾಡಿಗೆ ಏರಿಸಿದವರು, ಎಳೆದವರು, ಹಗ್ಗ ಹೊಸೆದವರು, ಎತ್ತು ಸತ್ತಾಗ ಅದರ ಚರ್ಮ ಸುಲಿದು ಮತ್ತೆ ಬಾರು ಮಾಡಿಕೊಟ್ಟವರು ಯಾರು? ಅವರಿಗೆ ಮನೆಯೂ ಇಲ್ಲ, ಹೆಸರೂ ಇಲ್ಲ. ದಾಸೋಜನಿಗೆ ಅಕ್ಷರ ಗೊತ್ತಿತ್ತು, ಉಳಿ ಕೈಯಲ್ಲಿತ್ತು. ಉಳಿದವರಿಗೆ ಎರಡೂ ಇರಲಿಲ್ಲ. ಮನೆ ಕಳೆದುಹೋದರೂ ಹೆಸರು ಉಳಿಸಿಕೊಳ್ಳುವ ದಾರಿ ಅಕ್ಷರ ಅನ್ನುವ ಪಾಠ ನಮ್ಮ ಊರ ಪಕ್ಕದ ಗೋಡೆಯಲ್ಲೇ ಇದೆ. ಅದನ್ನು ಮರೆಯಬಾರದು.

ಈಗ ಇದೇ ಹಾಸನ ಜಿಲ್ಲೆಯ ಇನ್ನೊಂದು ಊರಿಗೆ ಹೋಗೋಣ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಂಡೆಯ ಊರು. ಸಂಗೀತದ ಊರು ಅಂತಲೇ ಹೆಸರು. 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಇಲ್ಲಿಯವರು. ರುದ್ರಪಟ್ಟಣಂ ಸಹೋದರರು ಅಂತ ಹೆಸರಾದ ತ್ಯಾಗರಾಜನ್, ತಾರಾನಾಥನ್ ಇಲ್ಲಿಯವರು. ಆರ್.ಕೆ. ಪದ್ಮನಾಭ ಇಲ್ಲಿಯವರು. ಅವರ ಮುತುವರ್ಜಿಯಿಂದ ಊರಿನಲ್ಲಿ ತಂಬೂರಿಯ ಆಕಾರದ ಒಂದು ಮಂದಿರವೇ ಎದ್ದಿದೆ. ವರ್ಷ ವರ್ಷ ಸಂಗೀತೋತ್ಸವ ನಡೆಯುತ್ತದೆ. ಇಂಥವರ ಮನೆ, ಇಂಥವರ ಬೀದಿ ಅಂತ ತೋರಿಸುತ್ತಾರೆ.

ಇಲ್ಲಿನ ಸಂಗೀತದ ಮನೆತನಗಳು ಸಂಕೇತಿ ಬ್ರಾಹ್ಮಣರವು. ಸಂಕೇತಿಗಳು ಈ ನಾಡಿನ ಮೂಲದವರಲ್ಲ. ಕೆಲವು ನೂರು ವರ್ಷಗಳ ಹಿಂದೆ ತಮಿಳು, ಮಲಯಾಳ ಸೀಮೆಗಳು ಕೂಡುವ ಶೆಂಕೋಟೈ ಕಡೆಯಿಂದ ಗುಳೆ ಎದ್ದು ಬಂದವರು. ನಾಚಾರಮ್ಮ ಅನ್ನುವ ಹೆಣ್ಣುಮಗಳಿಗೆ ಆದ ಅವಮಾನ, ಆಕೆಯ ಶಾಪ, ಅದರಿಂದ ಊರು ಬಿಟ್ಟದ್ದು ಅಂತ ಅವರಲ್ಲೇ ಕತೆ ಇದೆ. ಹಾಸನದ ಹತ್ತಿರದ ಕೌಶಿಕದ ಹೆಸರಿನಲ್ಲಿ ಒಂದು ಪಂಗಡ, ಬೆಟ್ಟದಪುರದ ಹೆಸರಿನಲ್ಲಿ ಇನ್ನೊಂದು ಪಂಗಡ. ಇವತ್ತಿಗೂ ಮನೆಯಲ್ಲಿ ತಮಿಳು, ಮಲಯಾಳ, ಕನ್ನಡ ಬೆರೆತ ತಮ್ಮದೇ ಮಾತು ಆಡ್ತಾರೆ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರ ಸಂಗೀತ ದೊಡ್ಡದು. ನಮ್ಮ ಪ್ರಶ್ನೆ ಬೇರೆ. ಭಾಷೆ ಬೇರೆ, ಊರು ಬೇರೆ, ಗುರುತು ಪರಿಚಯ ಇಲ್ಲದ ಈ ಜನ ಬಂದಾಗ ಅವರಿಗೆ ಊರೊಳಗೆ ಬೀದಿ ಸಿಕ್ಕಿತು. ಹೊಳೆಯ ನೀರು ಸಿಕ್ಕಿತು. ಗುಡಿಯ ಬಾಗಿಲು ತೆರೆಯಿತು. ಮಕ್ಕಳು ಕೂತು ಸ್ವರ ಕಲಿಯಲು ಒಂದು ಪಡಸಾಲೆ ಇತ್ತು, ಆ ಪಡಸಾಲೆ ಅಪ್ಪನಿಂದ ಮಗನಿಗೆ ಬಂತು. ಸಂಗೀತ ಬೆಳೆಯುವುದು ಹೀಗೆ. ಪಡಸಾಲೆ ಇಲ್ಲದ ಕಡೆ ಸಂಗೀತದ ಮನೆತನ ಇರುವುದಿಲ್ಲ.

ಅದೇ ಜಿಲ್ಲೆಯ ಊರೂರಿನ ಕೇರಿಯಲ್ಲಿ ಇನ್ನೊಂದು ಸಂಗೀತ ಇತ್ತು, ಈಗಲೂ ಇದೆ. ತಮಟೆ ಇಲ್ಲದೆ ಈ ಸೀಮೆಯಲ್ಲಿ ಯಾವ ಜಾತ್ರೆ ನಡೆದಿದೆ? ಮಾರಿಹಬ್ಬ ನಡೆದಿದೆಯಾ? ಹೆಣ ಎದ್ದಿದೆಯಾ? ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ, ಬೆರಳಿನಲ್ಲಿ ತಟ್ಟಿ ಶ್ರುತಿ ನೋಡಿ, ದೇವರಿಗೆ ಒಂದು ಬಡಿತ, ಮದುವೆಗೆ ಒಂದು, ಸಾವಿಗೆ ಒಂದು, ಡಂಗುರಕ್ಕೆ ಒಂದು ಅಂತ ಬೇರೆ ಬೇರೆ ಗತ್ತು ಬಾರಿಸುವವನು ಸಂಗೀತಗಾರ ಅಲ್ಲವಾ? ಅವನು ಎಲ್ಲಿಂದಲೂ ಬಂದವನಲ್ಲ. ತಲೆತಲಾಂತರದಿಂದ ಇಲ್ಲೇ ಇದ್ದವನು. ಆದರೆ ಅವನ ಮನೆ ಊರಾಚೆ. ಊರ ಲೆಕ್ಕಕ್ಕೆ ಅವನೇ ಹೊರಗಿನವನು. ಬಂದವರು ಒಳಗಿನವರಾದರು, ಇದ್ದವನು ಹೊರಗಿನವನಾದ. ವಲಸೆ ಅನ್ನುವ ಮಾತನ್ನು ನಮ್ಮ ದೇಶದಲ್ಲಿ ತಲೆಕೆಳಗಾಗಿ ಓದಬೇಕು. ಇಲ್ಲಿ ಮನುಷ್ಯ ಕಾಲು ಎತ್ತಿಡದೆಯೇ ಪರದೇಶಿ ಆಗುತ್ತಾನೆ.

ಅವನಿಗೆ ನೆಲವೇ ಇರಲಿಲ್ಲವಾ ಅಂದರೆ, ಕೆಲವರಿಗೆ ಇತ್ತು. ತೋಟಿ, ತಳವಾರಿಕೆಯ ಚಾಕರಿಗೆ ಪ್ರತಿಯಾಗಿ ಇನಾಮು ಜಮೀನು ಇತ್ತು. ಡಂಗುರ ಹೊಡೆದ ಕೈಗೆ ಸಿಕ್ಕ ನೆಲ ಅದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂದು ಹುದ್ದೆ ಹೋಯಿತು, ಜಮೀನು ಹುದ್ದೆದಾರರಿಗೇ ಮರುಮಂಜೂರಾಗಬೇಕು ಅಂತಾಯಿತು. ಕಾಗದದ ಮೇಲೆ ಚೆನ್ನಾಗಿತ್ತು. ಸಾಲಕ್ಕೆ, ಹೆದರಿಕೆಗೆ, ಹೆಂಡಕ್ಕೆ ಆ ತುಂಡು ನೆಲ ಎಷ್ಟು ಕೇರಿಗಳಲ್ಲಿ ಕೈ ಬಿಟ್ಟು ಹೋಯಿತು ಅಂತ ಹಿರಿಯರನ್ನು ಕೇಳಿ ನೋಡಿ. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ ಕಾಯಿದೆ ಬಂತು. ಅದು ನಮ್ಮ ಜನಕ್ಕೆ ದೊಡ್ಡ ಆಸರೆ. ಆದರೆ ಮಂಜೂರಾದ ಜಮೀನು ಅಂದರೆ ಯಾವುದು ಅಂತ ಹೇಳುವ ಕಲಮಿನಲ್ಲೇ ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ್ದನ್ನು ಹೊರಗಿಟ್ಟರು. ತಮಟೆಯಿಂದ ಬಂದ ನೆಲಕ್ಕೆ ಆ ಕಾಯಿದೆಯ ಬೇಲಿ ಇಲ್ಲ. ವೀಣೆಯ ಪಡಸಾಲೆ ಮಗನಿಗೆ ಬಂತು, ತಮಟೆಯ ಹೊಲ ಗೌಡನಿಗೆ ಹೋಯಿತು.

ಕಲಾವಿದ ದೊಡ್ಡವನಾದರೆ ಜಾತಿ ಕೇಳುವುದಿಲ್ಲ ಅಂತ ಹೇಳುವವರಿದ್ದಾರೆ. ಅವರು ಧಾರವಾಡ ಕಡೆಯ ಕತೆ ಕೇಳಬೇಕು. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನ್ ದಕ್ಷಿಣಕ್ಕೆ ಬಂದರು. ಅವರು ಬಂದು ಇದ್ದು ಹಾಡಿದ, ಪಾಠ ಹೇಳಿದ ಜಾಗ ಅಂತ ಕುಂದಗೋಳದಲ್ಲಿ ಇವತ್ತು ತೋರಿಸುವುದು ನಾಡಿಗೇರ ವಾಡೆಯನ್ನು. ವಾಡೆ ದೊಡ್ಡ ಮನೆ, ಉಳಿಯಿತು. ಜೊತೆಗೆ ಖಾನ್ ಸಾಹೇಬರ ನೆನಪೂ ಉಳಿಯಿತು. ಅಂದರೆ ವಲಸೆ ಬಂದ ಗವಾಯಿಯ ನೆನಪು ಉಳಿಯಲು ಉಳ್ಳವರ ಗೋಡೆ ಬೇಕಾಯಿತು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರ ಹತ್ತಿರ ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದ ಹೆಣ್ಣುಮಗಳು ಗಂಗೂಬಾಯಿ ಹಾನಗಲ್.

ಗಂಗೂಬಾಯಿ 1913ರಲ್ಲಿ ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ. ಸುತ್ತ ಬ್ರಾಹ್ಮಣರ ಮನೆಗಳು. ತಾಯಿ ಅಂಬಾಬಾಯಿ ಹಾಡುವವರು. ಹಾಡುವವಳ ಮಗಳು ಅಂತ ಬೀದಿಯಲ್ಲಿ ಹೀಯಾಳಿಸಿದ್ದನ್ನು, ನೆರೆಯ ಮನೆಯ ಮಾವಿನಕಾಯಿಗೆ ಕೈ ಹಾಕಿ ಬೈಸಿಕೊಂಡದ್ದನ್ನು ಗಂಗೂಬಾಯಿ ಮುಂದೆ ತಾವೇ ಹೇಳಿಕೊಂಡರು. ಹೆಸರು ಬಂದ ಮೇಲೆ ಅಂಥವರೇ ಕರೆದು ಊಟ ಹಾಕಿದರು. 2009ರಲ್ಲಿ ಅವರು ತೀರಿಕೊಂಡರು. ಹುಟ್ಟಿದ ಆ ಮನೆಯನ್ನು ಸರ್ಕಾರ ಸ್ಮಾರಕ ಮಾಡಿತು. ಆಮೇಲೆ ಅದು ನೋಡುವವರಿಲ್ಲದೆ ಹಾಳು ಬಿದ್ದ ಸುದ್ದಿ ಪೇಪರುಗಳಲ್ಲಿ ಬಂತು. ಆ ಮಟ್ಟದ ಗಾಯಕಿಯ ಮನೆಯ ಗತಿ ಇದಾದರೆ ಕೇರಿಯ ತಮಟೆಯವನ ಗುಡಿಸಲನ್ನು ಯಾರು ಕೇಳುತ್ತಾರೆ?

ಸರ್ಕಾರಕ್ಕೆ ಶಕ್ತಿ ಇಲ್ಲ, ಕಾನೂನು ಬಿಡುವುದಿಲ್ಲ ಅನ್ನುವ ಮಾತನ್ನು ನಂಬಬೇಡಿ. ಮನಸ್ಸಿದ್ದರೆ ಸರ್ಕಾರ ಏನು ಮಾಡುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟು ಸಾಕ್ಷಿ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1904ರಲ್ಲಿ ಹುಟ್ಟಿದ ಚಿತ್ರ ಕಲಾವಿದ ಸ್ವೆತೊಸ್ಲಾವ್ ರೋರಿಕ್, ಸಿನಿಮಾ ತಾರೆ ದೇವಿಕಾರಾಣಿ, ಈ ದಂಪತಿಗಳ ನೆಲೆ ಅದು. ಸುಮಾರು 468 ಎಕರೆ. 1993ರಲ್ಲಿ ರೋರಿಕ್, 1994ರಲ್ಲಿ ದೇವಿಕಾರಾಣಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿಯ ಮೇಲೆ ಹದ್ದುಗಳು ಎರಗಿದವು. ಆಗ ಕರ್ನಾಟಕ ಸರ್ಕಾರ ಆ ಒಂದು ಎಸ್ಟೇಟಿಗಾಗಿಯೇ 1996ರಲ್ಲಿ ಬೇರೆ ಕಾಯಿದೆ ಮಾಡಿ ವಶಕ್ಕೆ ತೆಗೆದುಕೊಂಡಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಆಗಸ್ಟ್‌ನಲ್ಲಿ ಸಂವಿಧಾನ ಪೀಠ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಹದಿನೈದು ವರ್ಷ ಬಿಡದೆ ಹೋರಾಡಿ ವಲಸೆ ಬಂದ ಒಬ್ಬ ಕಲಾವಿದನ ಮನೆಯನ್ನು ಉಳಿಸಿದರು. ಮಾಡಿದ್ದು ಸರಿ. ಅದೇ ಸರ್ಕಾರಕ್ಕೆ ಮೂವತ್ತು ನಲವತ್ತು ಅಡಿ ಸೈಟಿನ ಒಂದು ಹಕ್ಕುಪತ್ರ ಕೊಡಲು ಮಾತ್ರ ಕಾಯಿದೆ ಅಡ್ಡ ಬರುತ್ತದಂತೆ. 468 ಎಕರೆಗೆ ಸಿಕ್ಕ ಕಾನೂನು ಒಂದು ಗುಂಟೆಗೆ ಯಾಕೆ ಸಿಗುವುದಿಲ್ಲ?

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಲಂಡನ್ ಪಟ್ಟಣದ ಬ್ರೂಕ್ ಸ್ಟ್ರೀಟಿನಲ್ಲಿ ಅಕ್ಕಪಕ್ಕದ ಎರಡು ಮನೆಗಳಿವೆ, 25 ಮತ್ತು 23. ಇಪ್ಪತ್ತೈದರಲ್ಲಿ ಜರ್ಮನಿಯಿಂದ ವಲಸೆ ಬಂದ ಸಂಗೀತ ರಚನೆಕಾರ ಹ್ಯಾಂಡೆಲ್ 1723ರಿಂದ 1759ರಲ್ಲಿ ಸಾಯುವ ತನಕ ಇದ್ದ. ಪಕ್ಕದ್ದರಲ್ಲಿ ಸುಮಾರು ಇನ್ನೂರು ವರ್ಷ ಕಳೆದ ಮೇಲೆ, 1968-69ರಲ್ಲಿ, ಅಮೆರಿಕದಿಂದ ಬಂದ ಕರಿಯ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಇದ್ದ. ಹ್ಯಾಂಡೆಲ್ ಆಫ್ರಿಕಾದ ಗುಲಾಮರ ವ್ಯಾಪಾರ ಮಾಡುತ್ತಿದ್ದ ಕಂಪನಿಯಲ್ಲಿ ದುಡ್ಡು ಹೂಡಿದ್ದ. ಹೆಂಡ್ರಿಕ್ಸ್ ಗುಲಾಮರಾಗಿ ಮಾರಾಟವಾದವರ ವಂಶದವನು. ನಡುವೆ ಒಂದು ಗೋಡೆ. ಹ್ಯಾಂಡೆಲ್ ಮನೆ ಮ್ಯೂಸಿಯಂ ಆದದ್ದು 2001ರಲ್ಲಿ, ಹೆಂಡ್ರಿಕ್ಸ್ ಇದ್ದ ಕೋಣೆಯನ್ನು ಜನಕ್ಕೆ ತೆರೆದದ್ದು 2016ರಲ್ಲಿ. ತಡವಾಯಿತು, ಆದರೆ ಆಯಿತು. ಈಗ ಟಿಕೆಟ್ ಕೊಂಡವರು ಎರಡನ್ನೂ ನೋಡುತ್ತಾರೆ.

ಇನ್ನೊಬ್ಬ ಕರಿಯ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್. ತುತ್ತೂರಿಯಂಥ ಟ್ರಂಪೆಟ್ ಊದಿ ಜಗತ್ತನ್ನೇ ಕುಣಿಸಿದವನು. ಹುಟ್ಟಿದ್ದು ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸಿನ ಬಡ ಕೇರಿಯಲ್ಲಿ. ಬಿಳಿಯರ ದಬ್ಬಾಳಿಕೆ ತಾಳಲಾರದೆ, ಕೂಲಿ ಹುಡುಕಿಕೊಂಡು ಲಕ್ಷಾಂತರ ಕರಿಯರು ಉತ್ತರಕ್ಕೆ ವಲಸೆ ಹೋದ ಕಾಲ ಅದು. ಅವನೂ 1922ರಲ್ಲಿ ಶಿಕಾಗೋಗೆ ಹೋದ. ಹುಟ್ಟಿದ ಮನೆ ಏನಾಯಿತು ಗೊತ್ತೆ? 1964ರಲ್ಲಿ ಕೆಡವಿ ಕೋರ್ಟು, ಪೊಲೀಸು ಕಟ್ಟಡಗಳಿಗೆ ಜಾಗ ಮಾಡಿದರು. ಆದರೆ 1943ರಲ್ಲಿ ಅವನ ಹೆಂಡತಿ ಲೂಸಿಲ್ ನ್ಯೂಯಾರ್ಕಿನ ಕರೋನಾ ಅನ್ನುವ ದುಡಿಯುವ ಜನರ ಬಡಾವಣೆಯಲ್ಲಿ ಒಂದು ಸಾಧಾರಣ ಮನೆ ಕೊಂಡಳು. ಎಷ್ಟು ದುಡ್ಡು ಬಂದರೂ ಅವನು ಆ ಬೀದಿ ಬಿಡಲಿಲ್ಲ, 1971ರಲ್ಲಿ ಸತ್ತದ್ದೂ ಅಲ್ಲೇ. 2003ರಿಂದ ಆ ಮನೆ ಮ್ಯೂಸಿಯಂ. ಮನೆ ಕೊಂಡ ಕಾಗದ ಕೈಯಲ್ಲಿ ಇದ್ದುದರಿಂದ ಅದು ಉಳಿಯಿತು. ಕಾಗದ ಇಲ್ಲದ ಕೇರಿಯ ಮನೆ ಬುಲ್ಡೋಜರ್ ಬಾಯಿಗೆ ಹೋಯಿತು. ನ್ಯೂ ಆರ್ಲಿಯನ್ಸ್ ಇರಲಿ, ಹಾಸನ ಇರಲಿ, ನ್ಯಾಯ ಒಂದೇ.

ಬಾಬಾಸಾಹೇಬರ ಕತೆ ನಮಗೆ ಗೊತ್ತೇ ಇದೆ. ವಿದೇಶದಲ್ಲಿ ಓದಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದ ಅವರಿಗೆ ಆ ಪಟ್ಟಣದಲ್ಲಿ ಒಂದು ಬಾಡಿಗೆ ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಜಾತಿ ಮುಚ್ಚಿಟ್ಟುಕೊಂಡು ಇದ್ದರು. ಅದೂ ಬಯಲಾಗಿ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಅದೇ ಮನುಷ್ಯ ವಿದ್ಯಾರ್ಥಿಯಾಗಿ 1921-22ರಲ್ಲಿ ಇದ್ದ ಲಂಡನ್ನಿನ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿತು. ಪರದೇಶದಲ್ಲಿ ಸಿಕ್ಕ ಸೂರು ಸ್ವದೇಶದಲ್ಲಿ ಸಿಗಲಿಲ್ಲ. ಮನೆಗಳ ಚರಿತ್ರೆ ಬರೆಯುವವರು ಸಿಕ್ಕ ಮನೆಯ ಜೊತೆಗೆ ಸಿಗದ ಕೋಣೆಯನ್ನೂ ಬರೆಯಬೇಕು.

ಇಷ್ಟು ಸುತ್ತಿ ಮತ್ತೆ ನಮ್ಮ ತಾಲ್ಲೂಕಿಗೆ ಬರೋಣ. ಹಗರೆಯಿಂದ ಪಡುವಣಕ್ಕೆ ಹೋದರೆ ಬಿಕ್ಕೋಡು, ಅರೇಹಳ್ಳಿ, ಆಚೆ ಸಕಲೇಶಪುರ. ಎಲ್ಲ ಕಾಫಿ ತೋಟ. ಬ್ರಿಟಿಷರ ಕಾಲದಿಂದ ಈ ತೋಟಗಳಿಗೆ ಬಯಲುಸೀಮೆಯ ಕೇರಿಗಳಿಂದ, ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಜನ ಬಂದರು. ಬರುವಾಗ ತಮ್ಮ ಪದ, ಕುಣಿತ, ವಾದ್ಯ ತಂದರು. ಬೆಳಗಿಂದ ಸಂಜೆ ತನಕ ಹಣ್ಣು ಕುಯ್ದು ರಾತ್ರಿ ಲೈನ್ ಮನೆಯ ಮುಂದೆ ಬೆಂಕಿ ಹಾಕಿ ಹಾಡುವವರೂ ವಲಸೆ ಬಂದ ಕಲಾವಿದರೇ ಅಲ್ಲವಾ? ಅವರಿಗೆ ಮನೆ ಕೊಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತು. ಆದರೆ ಆ ಮನೆ ಕೂಲಿಗೆ ಕಟ್ಟಿದ ಮನೆ. ಮೈಯಲ್ಲಿ ಕಸುವು ಇರುವ ತನಕ ಮನೆ. ಕೆಲಸ ಬಿಟ್ಟ ದಿನ ಪಾತ್ರೆ ಪಗಡ ಹೊರಗೆ. ಅಜ್ಜಿಗೆ ನೂರು ಪದ ಬಂದರೂ ಆ ಪದ ಹೇಳಿಕೊಟ್ಟ ಜಗುಲಿ ಅವಳದಲ್ಲ.

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಇನ್ನೊಂದು ಜನ ಇದ್ದಾರೆ. ಇವರ ಹಿರಿಯರು ತಮಿಳುನಾಡಿನಿಂದ ಶ್ರೀಲಂಕಾದ ಟೀ ತೋಟಗಳಿಗೆ ಹೋದವರು, ಬಹಳಷ್ಟು ಜನ ದಲಿತರು. ಅಲ್ಲಿ ಬೆಳಗಿನ ಹಾಜರಿಗೆ ಕೂಲಿಗಳನ್ನು ಎಬ್ಬಿಸುತ್ತಿದ್ದುದು ತಪ್ಪು ಅನ್ನುವ ಚರ್ಮವಾದ್ಯ, ನಮ್ಮ ತಮಟೆಯ ತಂಗಿ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ, ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 5,25,000 ಜನರನ್ನು ಭಾರತ ವಾಪಸು ತೆಗೆದುಕೊಳ್ಳಬೇಕು ಅಂತಾಯಿತು. ಜನರನ್ನು ಮೂಟೆಯ ಹಾಗೆ ಎಣಿಸಿ ಹಂಚಿಕೊಂಡರು. ಅದರಲ್ಲಿ ಒಂದು ಪಾಲು ಸುಳ್ಯ, ಪುತ್ತೂರಿಗೆ ಬಂತು. ಎರಡು ದೇಶದಲ್ಲಿ ದುಡಿದ ಕೈಗಳಿಗೆ ಯಾವ ದೇಶದಲ್ಲೂ ಸ್ವಂತ ಬಾಗಿಲು ಸುಲಭವಾಗಿ ಸಿಗಲಿಲ್ಲ. ವಲಸೆ ಬಂದ ಕಲಾವಿದರ ಐತಿಹಾಸಿಕ ಮನೆ ಅಂದಾಗ ಈ ತೋಟದ ಕೋಣೆಗಳು ಯಾರಿಗೂ ನೆನಪಾಗುವುದಿಲ್ಲ.

ಈಗ ನಮ್ಮವರೇ ಕೇಳುವ ಒಂದು ಪ್ರಶ್ನೆಗೆ ಬರುತ್ತೇನೆ. ತಮಟೆ ಗುಲಾಮಗಿರಿಯ ಗುರುತು. ಅದನ್ನು ಬಿಸಾಡಿ ಅಂತ ನಾವೇ ಹೇಳಿದೆವು. ಬಿಟ್ಟಿ ತಮಟೆ ಬಾರಿಸುವುದಿಲ್ಲ ಅಂದದ್ದಕ್ಕೆ ಬಹಿಷ್ಕಾರ ಹಾಕಿಸಿಕೊಂಡ ಕೇರಿಗಳಿವೆ. ಈಗ ತಮಟೆಯವನ ಮನೆಗೆ ಫಲಕ ಹಾಕಿ ಅಂದರೆ ಹಳೆಯ ಚಾಕರಿಗೇ ಹೂವಿನ ಹಾರ ಹಾಕಿದ ಹಾಗಲ್ಲವಾ? ಪ್ರಶ್ನೆ ಸರಿಯಾಗಿದೆ. ಓದಿದ ಹುಡುಗರು ಇದನ್ನು ಕೇಳಲೇಬೇಕು. ಮೇಲ್ಜಾತಿಯವರು ಜನಪದ ಕಲೆ ಉಳಿಸಿ ಅನ್ನುವಾಗ ಅದರ ಒಳಗೆ ನೀವು ಹಾಗೇ ಇರಿ ಅನ್ನುವ ಆಸೆ ಎಷ್ಟೋ ಸಲ ಇರುತ್ತದೆ. ಅದಕ್ಕೆ ನಾವು ಬಲಿಯಾಗಬಾರದು.

ಆದರೆ ಎರಡು ಬೇರೆ ಬೇರೆ ಸಂಗತಿಗಳನ್ನು ಕಲಸಬಾರದು. ನಾವು ಬೇಡ ಅಂದದ್ದು ಬಿಟ್ಟಿಯನ್ನು, ಹುಟ್ಟಿನಿಂದ ಅಂಟಿಸಿದ ಚಾಕರಿಯನ್ನು. ಕೈಯ ಕಸುಬನ್ನಲ್ಲ. ನಮ್ಮ ಮೆರವಣಿಗೆಗಳ ಮುಂದೆ ತಮಟೆ ಬಾರಿಸಿದವರೂ ನಾವೇ. ಊರ ಗೌಡನ ಮನೆಯ ಸಾವಿಗೆ ಬಡಿದ ಅದೇ ಚರ್ಮ ಹೋರಾಟದ ಬೀದಿಯಲ್ಲಿ ಬೇರೆ ಮಾತಾಡಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ದಿಲ್ಲಿಯವರಿಗೂ ಅದು ಕಲೆ ಅಂತ ಗೊತ್ತಾಯಿತು ಅಂದ ಹಾಗಾಯಿತು. ಬಾರಿಸುವುದು, ಬಿಡುವುದು ಬಾರಿಸುವವನ ಇಷ್ಟಕ್ಕೆ ಬಿಟ್ಟದ್ದು. ಮಗ ಕಂಪ್ಯೂಟರ್ ಕಲಿಯಲಿ, ಮೇಷ್ಟ್ರಾಗಲಿ. ಆದರೆ ಅವನ ಅಜ್ಜನ ಹೆಸರು ಅಳಿಸಿಹೋಗುವುದು ವಿಮೋಚನೆಯಲ್ಲ. ಅಜ್ಜನಿಗೆ ಆದ ಅನ್ಯಾಯದ ಸಾಕ್ಷಿಯೂ ಆ ಹೆಸರಿನ ಜೊತೆ ಅಳಿಸಿಹೋಗುತ್ತದೆ. ಫಲಕ ಹಾಕಿದರೆ ಅದರ ಮೇಲೆ ಎರಡೂ ಬರೆಯಬೇಕು. ಈತ ಇಂಥ ಕಲಾವಿದ. ಈತನನ್ನು ಊರಾಚೆ ಇಟ್ಟಿದ್ದರು.

ಇನ್ನೊಂದು ಆಕ್ಷೇಪಣೆ ಬರುತ್ತದೆ. ಸೋರುವ ಸೂರಿನ ಕೆಳಗೆ ಇರುವವನಿಗೆ ಸ್ಮಾರಕ ಯಾಕೆ, ಮೊದಲು ಮನೆ ಕೊಡಿ. ನಾವು ಹೇಳುವುದೂ ಅದನ್ನೇ. ಸತ್ತ ಮೇಲೆ ಮ್ಯೂಸಿಯಂ ಬೇಡ, ಬದುಕಿರುವಾಗ ಹಕ್ಕುಪತ್ರ ಬೇಕು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿರುವವರಿಗೆ ಭೂ ಕಂದಾಯ ಕಾಯಿದೆಯ 94ಸಿ ಕಲಮಿನಲ್ಲಿ ಸಕ್ರಮಕ್ಕೆ ದಾರಿ ಇದೆ. ಅರ್ಜಿ ಹಾಕಿ ಸುಮ್ಮನೆ ಕೂತರೆ ಆಗುವುದಿಲ್ಲ, ತಾಲ್ಲೂಕು ಕಚೇರಿಯ ಬಾಗಿಲು ಬಡಿಯಬೇಕು. ಗಂಡಸಿನ ಹೆಸರಿಗೆ ಮಾತ್ರವಲ್ಲ, ಸೋಬಾನೆ ಹೇಳುವ, ಹೆಣದ ಮುಂದೆ ಹಾಡಿಕೊಂಡು ಅಳುವ ಹೆಣ್ಣುಮಕ್ಕಳ ಹೆಸರಿಗೂ ಕಾಗದ ಆಗಬೇಕು. ಅವರೂ ಕಲಾವಿದರು. ಅವರ ಮನೆಯನ್ನು ಗಂಡನ ಮನೆ, ಮಗನ ಮನೆ ಅಂತ ಹೇಳಿ ಹೇಳಿ ಅವರಿಗೆ ಮನೆಯೇ ಇಲ್ಲದ ಹಾಗೆ ಮಾಡಿದ್ದೇವೆ. ಈ ತಪ್ಪು ಊರಿನದು ಮಾತ್ರ ಅಲ್ಲ, ಕೇರಿಯದೂ ಹೌದು.

ಆದ್ದರಿಂದ ಹಗರೆಯಲ್ಲಿ, ಸುತ್ತಿನ ಹಳ್ಳಿಗಳಲ್ಲಿ, ಬೇಲೂರು, ಅರಸೀಕೆರೆ ತಾಲ್ಲೂಕುಗಳಲ್ಲಿ ಈ ಕೆಲಸ ಆಗಬೇಕು. ಒಂದು, ಪ್ರತಿ ಕೇರಿ, ಪ್ರತಿ ಲೈನ್ ಮನೆಯ ತಮಟೆಯವರು, ಪದ ಹೇಳುವವರು, ಕುಣಿಯುವವರು, ಇವರ ಹೆಸರು, ಎಲ್ಲಿಂದ ಬಂದರು, ಯಾರಿಂದ ಕಲಿತರು ಅಂತ ಒಂದು ಪುಸ್ತಕದಲ್ಲಿ ಬರೆಯಬೇಕು. ಸರ್ಕಾರ ಬರುವ ತನಕ ಕಾಯಬೇಡಿ. ಹೈಸ್ಕೂಲು ಓದುವ ಹುಡುಗ ಹುಡುಗಿಯರು ಒಂದು ನೋಟ್‌ಬುಕ್ ಹಿಡಿದರೆ ಸಾಕು. ಎರಡು, ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ ನಡಾವಳಿ ಪುಸ್ತಕಕ್ಕೆ ಏರಿಸಬೇಕು. ಏರಿದ ಮೇಲೆ ಅದು ದಾಖಲೆ, ಯಾರೂ ಇಲ್ಲ ಅನ್ನಲಾಗದು. ಮೂರು, ಆ ಪಟ್ಟಿಯಲ್ಲಿ ಹಕ್ಕುಪತ್ರ ಇಲ್ಲದವರನ್ನು ಗುರುತಿಸಿ ಎಲ್ಲರ ಅರ್ಜಿ ಒಟ್ಟಿಗೆ ಹಾಕಬೇಕು, ಒಬ್ಬೊಬ್ಬರೇ ಹೋದರೆ ಸಾಹೇಬರು ನಾಳೆ ಬಾ ಅಂತಾರೆ. ನಾಲ್ಕು, ಬೇಲೂರು, ಹಳೇಬೀಡಿಗೆ ಬರುವವರಿಗೆ ಪರಂಪರೆ ತೋರಿಸುವ ಇಲಾಖೆಗಳು ದಾಸೋಜ, ಚಾವಣ, ನಾಗೋಜರ ಹೆಸರನ್ನು ರಾಜನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಲಿ. ಅದರ ಪಕ್ಕದಲ್ಲಿ ಕಲ್ಲು ಹೊತ್ತ, ಹೆಸರಿಲ್ಲದ ಜನರಿಗಾಗಿ ಒಂದು ಸಾಲು ಇರಲಿ.

ಇದಕ್ಕೆ 468 ಎಕರೆ ಬೇಕಾಗಿಲ್ಲ. ಸಂವಿಧಾನ ಪೀಠವೂ ಬೇಕಾಗಿಲ್ಲ. ಒಂದು ನೋಟ್‌ಬುಕ್, ಒಂದು ಗ್ರಾಮಸಭೆ, ಬಿಡದೆ ಹಿಂದೆ ಬೀಳುವ ಹತ್ತು ಜನ ಸಾಕು. ಒಂಬೈನೂರು ವರ್ಷದ ಹಿಂದೆ ಪರಊರಿಂದ ಬಂದ ಒಬ್ಬ ಕಲ್ಲುಕುಟಿಗ ಯಾರ ಅಪ್ಪಣೆಗೂ ಕಾಯದೆ ತನ್ನ ಹೆಸರು ಕೆತ್ತಿ ಹೋದ. ನಮಗೆ ಈಗ ಅಕ್ಷರ ಬಂದಿದೆ. ಮುಂದಿನ ಗ್ರಾಮಸಭೆ ಯಾವಾಗ ಅಂತ ಪಂಚಾಯ್ತಿಯಲ್ಲಿ ಕೇಳಿಕೊಂಡು ಬನ್ನಿ.